ದೋಣಿ ಪರದೇಶದಲ್ಲಿ: ವಿಮೆ ಕುರಿತ ತಪ್ಪು ನಂಬಿಕೆಗಳು

ಬ್ರಿಟನ್ನಿನ ಹಾಯಿದೋಣಿ ಮಾಲೀಕರಲ್ಲಿ ಹಲವರು ತಮ್ಮ ದೋಣಿಯನ್ನು ಮನೆಯ ಹತ್ತಿರ ಇಟ್ಟುಕೊಳ್ಳುವುದಿಲ್ಲ. ಸ್ಪೇನ್, ಇಟಲಿ, ಕ್ರೊಯೇಷಿಯಾ, ಗ್ರೀಸ್‌ನ ಯಾವುದೋ ಮರೀನಾದಲ್ಲಿ ಕಟ್ಟಿಟ್ಟು, ಬೇಸಿಗೆಯಲ್ಲಿ ವಿಮಾನ ಹತ್ತಿ ಹೋಗಿ ಕೆಲವು ವಾರ ಹಾಯಿ ಬಿಚ್ಚಿ ಸುತ್ತಾಡಿ ಬರುತ್ತಾರೆ. ಉಳಿದ ತಿಂಗಳುಗಳಲ್ಲಿ ದೋಣಿಯನ್ನು ನೋಡುವವರು ಅಪರೂಪ. ಲಂಡನ್ನಿನಲ್ಲೋ ಆಮ್‌ಸ್ಟರ್‌ಡ್ಯಾಮ್‌ನಲ್ಲೋ ದುಡಿಯುವ ಕನ್ನಡಿಗರು ಈ ಹವ್ಯಾಸಕ್ಕೆ ಕೈಹಾಕುವುದಿದ್ದರೆ, ದೋಣಿ ಕೊಳ್ಳುವ ಮೊದಲೇ ವಿಮೆಯ ಕರಾರನ್ನು ಓದಲು ಕಲಿಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ನಾಲ್ಕು ಕಂಪನಿಗಳ ಪ್ರೀಮಿಯಂ ಹೋಲಿಸಿ ಅಗ್ಗದ್ದನ್ನು ಆರಿಸುವವರು ಕೊನೆಯಲ್ಲಿ ನೋಡಬೇಕಾದ್ದನ್ನು ಮೊದಲು ನೋಡುತ್ತಿದ್ದಾರೆ.

“ವಿಮೆ ಇದ್ದರೆ ದೋಣಿ ಎಲ್ಲಿದ್ದರೂ ನಡೆಯುತ್ತದೆ”

ಮಂಗಳೂರಿನಲ್ಲಿ ಮಾಡಿಸಿದ ಕಾರಿನ ವಿಮೆ ಬೀದರಿನಲ್ಲೂ ಚಲಾವಣೆಯಾಗುತ್ತದೆ. ಆ ಅಭ್ಯಾಸದಲ್ಲೇ ದೋಣಿಯ ವಿಮೆಯನ್ನೂ ನೋಡುವುದರಿಂದ ಈ ನಂಬಿಕೆ ಹುಟ್ಟಿದೆ. ದೋಣಿಯ ಪಾಲಿಸಿಗೆ ಸಮುದ್ರದಲ್ಲಿ ಗಡಿರೇಖೆ ಇರುತ್ತದೆ. ಬ್ರಿಟನ್ನಿನ ಪಾಲಿಸಿಗಳಲ್ಲಿ ಬಹುಕಾಲದಿಂದ ಕಾಣುವ ಒಂದು ಗಡಿ “ಬ್ರೆಸ್ಟ್‌ನಿಂದ ಎಲ್ಬೆವರೆಗೆ”. ಬ್ರೆಸ್ಟ್ ಇರುವುದು ಫ್ರಾನ್ಸಿನ ಪಶ್ಚಿಮ ತುದಿಯಲ್ಲಿ, ಎಲ್ಬೆ ನದಿಯ ಮುಖ ಜರ್ಮನಿಯಲ್ಲಿ. ಇಂಥ ಪಾಲಿಸಿ ಹಿಡಿದು ಸೌತಾಂಪ್ಟನ್‌ನಿಂದ ಮಯೋರ್ಕಾ ದ್ವೀಪಕ್ಕೆ ಹೊರಟವರ ದೋಣಿ ಬಿಸ್ಕೆ ಕೊಲ್ಲಿಗೆ ಇಳಿಯುತ್ತಿದ್ದಂತೆ ವಿಮೆಯಿಂದ ಹೊರಗೆ ಬಿದ್ದಿರುತ್ತದೆ. ಗಡಿ ವಿಸ್ತರಿಸಿ ಕೊಡುತ್ತಾರೆ, ಆದರೆ ಕೇಳಬೇಕು. ಕೇಳಿದಾಗ ಯಾವ ತಿಂಗಳು, ಜೊತೆಗೆ ಯಾರು, ಅವರಿಗೆ ಎಷ್ಟು ಅನುಭವ, ರಾತ್ರಿ ಒಬ್ಬರೇ ನಡೆಸುತ್ತೀರಾ ಎಂಬ ಪ್ರಶ್ನೆಗಳು ಬರುತ್ತವೆ. ಅವುಗಳಿಗೆ ಕೊಟ್ಟ ಉತ್ತರವೂ ಕರಾರಿನ ಭಾಗವಾಗುತ್ತದೆ.

ಗಡಿಯಷ್ಟೇ ಮುಖ್ಯವಾದದ್ದು ಪಾಲಿಸಿಯ ಖಚಿತ ಷರತ್ತುಗಳು. ಇಂಥ ತಿಂಗಳಿನಿಂದ ಇಂಥ ತಿಂಗಳವರೆಗೆ ದೋಣಿಯನ್ನು ನೀರಿನಿಂದ ಮೇಲೆತ್ತಿ ಇಡಬೇಕು ಎಂಬುದು ಒಂದು ಮಾದರಿ. ಬ್ರಿಟನ್ನಿನ 1906ರ ಸಾಗರ ವಿಮಾ ಕಾಯ್ದೆಯ ಪ್ರಕಾರ ಇಂಥ ಷರತ್ತನ್ನು ಒಮ್ಮೆ ಮುರಿದರೆ ಸಾಕು, ಆಮೇಲೆ ಸರಿಪಡಿಸಿಕೊಂಡರೂ ಅಂದಿನಿಂದ ಕಂಪನಿಯ ಹೊಣೆ ಮುಗಿಯುತ್ತಿತ್ತು. 2016ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಅಲ್ಲಿನ ಹೊಸ ವಿಮಾ ಕಾಯ್ದೆ ಇದನ್ನು ಸಡಿಲಿಸಿತು. ಈಗ ಷರತ್ತು ಮುರಿದಿರುವಷ್ಟು ಕಾಲ ಮಾತ್ರ ರಕ್ಷಣೆ ಅಮಾನತಿನಲ್ಲಿರುತ್ತದೆ. ಭಾರತದ 1963ರ ಸಾಗರ ವಿಮಾ ಕಾಯ್ದೆ ಹಳೆಯ ಬ್ರಿಟಿಷ್ ಅಚ್ಚಿನಲ್ಲೇ ಇದೆ. ಹಾಗಾಗಿ ಪಾಲಿಸಿ ಯಾವ ದೇಶದ ಕಾನೂನಿಗೆ ಒಳಪಟ್ಟಿದೆ ಎಂಬ ಸಾಲನ್ನು ಹುಡುಕಿ ಓದಿ.

“ಹಾಯಿದೋಣಿ ತಾನೇ, ಥರ್ಡ್ ಪಾರ್ಟಿ ವಿಮೆ ಏಕೆ?”

ಬ್ರಿಟನ್ನಿನಲ್ಲಿ ಖಾಸಗಿ ವಿಹಾರದೋಣಿಗೆ ಸಮುದ್ರದಲ್ಲಿ ವಿಮೆ ಕಡ್ಡಾಯವಲ್ಲ. ಮರೀನಾದವರು ಕೇಳುತ್ತಾರೆ ಅಷ್ಟೆ. ದಕ್ಷಿಣ ಯುರೋಪಿನಲ್ಲಿ ಹಾಗಲ್ಲ. ಸ್ಪೇನ್ 1999ರ ರಾಜಾಜ್ಞೆಯ ಮೂಲಕ ವಿಹಾರದೋಣಿಗಳಿಗೆ ಹೊಣೆಗಾರಿಕೆ ವಿಮೆಯನ್ನು ಕಡ್ಡಾಯ ಮಾಡಿದೆ. ಕ್ರೊಯೇಷಿಯಾದಲ್ಲಿ ಎಂಜಿನ್ ಶಕ್ತಿ 15 ಕಿಲೋವ್ಯಾಟ್ ದಾಟಿದರೆ ವಿಮೆ ಬೇಕು. ಅದು ಸುಮಾರು 20 ಅಶ್ವಶಕ್ತಿ, ಸಾಧಾರಣ ಹಾಯಿದೋಣಿಯ ಡೀಸೆಲ್ ಎಂಜಿನ್ನೇ ಅದನ್ನು ಮೀರಿಬಿಡುತ್ತದೆ. ಇಟಲಿಯಲ್ಲೂ ಎಂಜಿನ್ ಇರುವ ದೋಣಿಗೆ ಕಡ್ಡಾಯ. ಅಧಿಕಾರಿಗಳು ಸ್ಥಳೀಯ ಭಾಷೆಯ ಪ್ರಮಾಣಪತ್ರ ಕೇಳುವುದುಂಟು. ಅದನ್ನು ವಿಮಾ ಕಂಪನಿಯಿಂದಲೇ ಮೊದಲೇ ತರಿಸಿಕೊಂಡು ದೋಣಿಯಲ್ಲಿ ಇಟ್ಟಿರಿ.

“ದೋಣಿ ಇರುವ ದೇಶದಲ್ಲೇ ವಿಮೆ ಕೊಳ್ಳಬೇಕು”

ಐರೋಪ್ಯ ಒಕ್ಕೂಟದ ವಿಮಾ ಕಾನೂನಿನಲ್ಲಿ, ದೋಣಿಯೂ ಸೇರಿ, ಯಾವುದೇ ವಾಹನದ ಅಪಾಯ ಯಾವ ದೇಶಕ್ಕೆ ಸೇರಿದ್ದು ಎಂಬುದನ್ನು ಅದು ನೋಂದಣಿಯಾದ ದೇಶ ನಿರ್ಧರಿಸುತ್ತದೆ. ಬ್ರಿಟಿಷ್ ಧ್ವಜದ ದೋಣಿ ಕ್ರೊಯೇಷಿಯಾದ ಸ್ಪ್ಲಿಟ್‌ನಲ್ಲಿ ನಿಂತಿದ್ದರೂ ಬ್ರಿಟನ್ನಿನ ಕಂಪನಿ ವಿಮೆ ಕೊಡಬಲ್ಲದು. ಆದರೆ ಬ್ರೆಕ್ಸಿಟ್‌ನ ಸಂಕ್ರಮಣ ಅವಧಿ 2020ರ ಡಿಸೆಂಬರ್ 31ಕ್ಕೆ ಮುಗಿದ ಮೇಲೆ, ಬ್ರಿಟಿಷ್ ಕಂಪನಿಗಳಿಗೆ ಒಕ್ಕೂಟದ ಎಲ್ಲ ದೇಶಗಳಲ್ಲಿ ಒಂದೇ ಪರವಾನಗಿಯ ಮೇಲೆ ವ್ಯವಹರಿಸುವ ಹಕ್ಕು ಹೋಯಿತು. ದೋಣಿಯ ಧ್ವಜ ಬದಲಿಸುವ ಮುನ್ನ, ಅಥವಾ ನೀವೇ ಒಕ್ಕೂಟದ ದೇಶವೊಂದಕ್ಕೆ ಮನೆ ಬದಲಿಸುವ ಮುನ್ನ ಕಂಪನಿಗೆ ತಿಳಿಸದಿದ್ದರೆ ನವೀಕರಣದ ಹೊತ್ತಿಗೆ ಪೇಚಿಗೆ ಸಿಲುಕುತ್ತೀರಿ.

“ಮರೀನಾದಲ್ಲಿ ಕಟ್ಟಿದ ದೋಣಿಗೆ ಏನಾಗುತ್ತದೆ?”

ಮುಳುಗುತ್ತದೆ, ಅದೂ ತೀರಾ ಸಣ್ಣ ಕಾರಣಕ್ಕೆ. ದೋಣಿಯ ತಳದಲ್ಲಿ ಎಂಜಿನ್ ತಂಪಾಗಿಸುವ ನೀರು ಒಳಬರಲು, ಶೌಚಾಲಯದ ನೀರು ಹೊರಹೋಗಲು ರಂಧ್ರಗಳಿರುತ್ತವೆ. ಅವುಗಳಿಗೆ ಕೂಡಿಸಿದ ವಾಲ್ವ್‌ಗೆ ಸೀಕಾಕ್ ಎನ್ನುತ್ತಾರೆ. ಅನೇಕ ದೋಣಿಗಳಲ್ಲಿ ಇದು ಸಾಧಾರಣ ಹಿತ್ತಾಳೆಯದು. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತು. ಉಪ್ಪುನೀರಿನಲ್ಲಿ ಸತು ನಿಧಾನವಾಗಿ ಕರಗಿ ಹೋಗಿ, ಆಕಾರ ಹಾಗೇ ಉಳಿದು ಬಲವಿಲ್ಲದ, ರಂಧ್ರಮಯ ತಾಮ್ರ ಮಾತ್ರ ನಿಂತಿರುತ್ತದೆ. ಚಾಕುವಿನ ತುದಿಯಿಂದ ಕೆರೆದು ನೋಡಿದರೆ ಹಳದಿ ಹೊಳಪಿನ ಜಾಗದಲ್ಲಿ ಗುಲಾಬಿ ಬಣ್ಣ ಕಾಣುತ್ತದೆ. ಆ ಹಂತದಲ್ಲಿ ಒಂದು ಪೆಟ್ಟು ಸಾಕು, ವಾಲ್ವ್ ಮುರಿದು ಕೈಗೆ ಬರುತ್ತದೆ. ಈ ಜೋಡಣೆಗಳ ಕುರಿತ 1994ರ ಐಎಸ್‌ಒ ಮಾನದಂಡ “ತುಕ್ಕು ನಿರೋಧಕ” ಎನ್ನಲು ಐದು ವರ್ಷ ಬಾಳಿಕೆ ಸಾಕೆಂದಿತ್ತು. ದೋಣಿಗಳೋ ಮೂವತ್ತು, ನಲವತ್ತು ವರ್ಷ ಬಾಳುತ್ತವೆ.

ಸವೆತ ವಿಮೆಗೆ ಬರುವುದಿಲ್ಲ, ಇದು ಎಲ್ಲ ಪಾಲಿಸಿಗಳಿಗೂ ಸಮಾನ. ನೋಡಬೇಕಾದದ್ದು ಮುಂದಿನ ಸಾಲನ್ನು. ಕೆಲವು ಪಾಲಿಸಿಗಳು ಸವೆದ ವಾಲ್ವ್‌ಗೆ ಹಣ ಕೊಡದಿದ್ದರೂ ಅದರಿಂದ ದೋಣಿ ಮುಳುಗಿದರೆ ಆ ನಷ್ಟ ತುಂಬಿಕೊಡುತ್ತವೆ. ಇನ್ನು ಕೆಲವು, ಸವೆತವೇ ಮೂಲಕಾರಣವಾದರೆ ಎಲ್ಲವನ್ನೂ ನಿರಾಕರಿಸುತ್ತವೆ. ಎರಡು ಪಾಲಿಸಿಗಳ ಪ್ರೀಮಿಯಂ ನಡುವಿನ ಅಂತರ ಬಹಳಷ್ಟು ಸಲ ಈ ಒಂದು ಸಾಲಿನಲ್ಲಿ ಅಡಗಿರುತ್ತದೆ. ದೂರದಲ್ಲಿರುವ ಮಾಲೀಕರಿಗೆ ಇದಕ್ಕಿಂತ ಮುಖ್ಯವಾದ ಸಾಲು ಇನ್ನೊಂದಿಲ್ಲ. ದೋಣಿ ಬಿಟ್ಟು ಬರುವಾಗ ಸೀಕಾಕ್‌ಗಳನ್ನು ಮುಚ್ಚಿ, ಅಲ್ಲಿನ ಒಬ್ಬರಿಗೆ ಹಣ ಕೊಟ್ಟು ಆಗಾಗ ನೋಡಿಸಿ, ಅವರು ಕಳಿಸಿದ ಫೋಟೊಗಳನ್ನು ಜೋಪಾನ ಮಾಡಿ. ಕ್ಲೇಮ್ ಸಮಯದಲ್ಲಿ ಸರ್ವೇಯರ್ ಮೊದಲು ಕೇಳುವುದೇ ಇಂಥ ದಾಖಲೆ.

ವಿಮೆಯ ಮೊತ್ತದ ಬಗ್ಗೆ ಒಂದು ಮಾತು: “ಒಪ್ಪಿತ ಮೌಲ್ಯ”ದ ಪಾಲಿಸಿಯಲ್ಲಿ ದೋಣಿ ಪೂರ್ತಿ ಹೋದರೆ ಬರೆದಷ್ಟು ಬರುತ್ತದೆ, “ಮಾರುಕಟ್ಟೆ ಮೌಲ್ಯ”ದ್ದರಲ್ಲಿ ಚೌಕಾಸಿ ಶುರುವಾಗುತ್ತದೆ. ಮೊದಲನೆಯದನ್ನೇ ಆರಿಸಿ.

“ಗೆರೆಯ ಕೆಳಗಿದ್ದರೆ ಚಂಡಮಾರುತದ ಭಯವಿಲ್ಲ”

ಕೆರಿಬಿಯನ್‌ನಲ್ಲಿ ದೋಣಿ ಇಡುವವರ ನಂಬಿಕೆ ಇದು. ಅಲ್ಲಿ ಹರಿಕೇನ್ ಋತು ಜೂನ್ 1ರಿಂದ ನವೆಂಬರ್ 30ರವರೆಗೆ. ಆ ತಿಂಗಳುಗಳಲ್ಲಿ ದೋಣಿ ಇಂಥ ಅಕ್ಷಾಂಶದ ದಕ್ಷಿಣಕ್ಕಿರಬೇಕು ಎಂದು ಪಾಲಿಸಿಗಳು ಹೇಳುತ್ತವೆ. 12 ಡಿಗ್ರಿ 40 ನಿಮಿಷ ಉತ್ತರ ಅಂಥ ಒಂದು ಪರಿಚಿತ ಗೆರೆ. ಗ್ರೆನಡಾ ಅದರ ಕೆಳಗಿದೆ. ಆ ದ್ವೀಪದಲ್ಲಿ ದೋಣಿಗಳು ತುಂಬಿದ್ದಾಗ, 2004ರ ಸೆಪ್ಟೆಂಬರ್ 7ರಂದು ಇವಾನ್ ಚಂಡಮಾರುತ ನೇರವಾಗಿ ಅಪ್ಪಳಿಸಿತು. ಆಸರೆಗಳ ಮೇಲೆ ಎತ್ತಿ ನಿಲ್ಲಿಸಿದ್ದ ದೋಣಿಗಳು ಒಂದರ ಮೇಲೊಂದು ಉರುಳಿದವು. 2024ರ ಜುಲೈ 1ರಂದು, ಋತು ಆರಂಭವಾಗಿ ಒಂದೇ ತಿಂಗಳಿಗೆ, ಬೆರಿಲ್ ಚಂಡಮಾರುತ ಗ್ರೆನಡಾದ್ದೇ ಆದ ಕ್ಯಾರಿಯಕೂ ದ್ವೀಪವನ್ನು ನಾಲ್ಕನೇ ಶ್ರೇಣಿಯ ಬಲದಲ್ಲಿ ಬಡಿಯಿತು. ಟಿರೆಲ್ ಕೊಲ್ಲಿಯ ಕಾಂಡ್ಲಾ ಕಾಡಿನೊಳಗೆ ಹೊಕ್ಕು ಹಗ್ಗ ಕಟ್ಟಿಕೊಂಡಿದ್ದ ದೋಣಿಗಳೂ ನುಚ್ಚುನೂರಾದವು. ಕ್ಯಾರಿಯಕೂ ಕೂಡ ಆ ಗೆರೆಯ ದಕ್ಷಿಣಕ್ಕೇ ಇದೆ.

ಗೆರೆ ದೋಣಿಯನ್ನು ಕಾಯುವುದಿಲ್ಲ, ವಿಮೆ ಎಲ್ಲಿ ನಡೆಯುತ್ತದೆ ಎಂಬುದನ್ನು ಮಾತ್ರ ಹೇಳುತ್ತದೆ. ಅದರ ಒಳಗಿದ್ದರೂ ಹೆಸರಿಟ್ಟ ಚಂಡಮಾರುತದ ಹಾನಿಯನ್ನು ಪಾಲಿಸಿ ಹೊರಗಿಟ್ಟಿರಬಹುದು, ಅಥವಾ ನಷ್ಟದ ದೊಡ್ಡ ಪಾಲನ್ನು ನಿಮ್ಮ ತಲೆಗೇ ಕಟ್ಟಿರಬಹುದು. ದೋಣಿಯನ್ನು ಹೇಗೆ ಕಟ್ಟುತ್ತೀರಿ, ಹಾಯಿ ಇಳಿಸುವವರು ಯಾರು ಎಂಬ ಲಿಖಿತ ಯೋಜನೆ ಕೇಳಿದ್ದರೆ, ಅದನ್ನು ಪಾಲಿಸದವರ ಕ್ಲೇಮ್ ತೊಂದರೆಗೆ ಸಿಕ್ಕುತ್ತದೆ.

“ಬೇರೆಯವರ ಹಗ್ಗ ಹಿಡಿದರೆ ದೋಣಿ ಅವರದಾಗುತ್ತದೆ”

ಇದು ಪೂರ್ತಿ ಸುಳ್ಳು. 1989ರ ಅಂತರರಾಷ್ಟ್ರೀಯ ರಕ್ಷಣಾ ಒಡಂಬಡಿಕೆಯಂತೆ ಅಪಾಯದಲ್ಲಿದ್ದ ದೋಣಿಯನ್ನು ಉಳಿಸಿದವರಿಗೆ ಸಿಗುವುದು ಪ್ರತಿಫಲ, ಒಡೆತನವಲ್ಲ. ಉಳಿಸಿದ ಆಸ್ತಿಯ ಮೌಲ್ಯವನ್ನು ಆ ಪ್ರತಿಫಲ ಮೀರುವಂತಿಲ್ಲ. ಜೀವ ಉಳಿಸಿದ್ದಕ್ಕೆ, ಬದುಕುಳಿದವರಿಂದ ಹಣ ಕೇಳುವಂತಿಲ್ಲ. ಆದರೂ ಪ್ರತಿಫಲ ದೊಡ್ಡ ಮೊತ್ತವೇ ಆಗಬಹುದು. ಸಮಯವಿದ್ದರೆ ಎಳೆದೊಯ್ಯುವ ದರವನ್ನು ಮೊದಲೇ ಗೊತ್ತುಮಾಡಿ, ವಿಮಾ ಕಂಪನಿಗೆ ಕರೆ ಮಾಡಿ. ಮುಳುಗಿದ ದೋಣಿಯನ್ನು ತೆಗೆಸುವ ಖರ್ಚು ಇನ್ನೊಂದು ಹೊರೆ. ಭಗ್ನನೌಕೆ ತೆರವಿನ 2007ರ ನೈರೋಬಿ ಒಡಂಬಡಿಕೆ ವಿಮೆಯನ್ನು ಕಡ್ಡಾಯ ಮಾಡಿರುವುದು 300 ಟನ್ನೇಜ್ ಮತ್ತು ಅದಕ್ಕಿಂತ ದೊಡ್ಡ ಹಡಗುಗಳಿಗೆ ಮಾತ್ರ. ಹತ್ತು ಮೀಟರ್ ದೋಣಿಯನ್ನು ತೆರವು ಮಾಡಿ ಎಂದು ಬಂದರಿನ ಅಧಿಕಾರಿ ತನ್ನ ನಾಡಿನ ಕಾನೂನಿನಂತೆ ಆದೇಶಿಸಿದರೆ, ಪಾಲಿಸಿಯಲ್ಲಿ ಆ ಖರ್ಚು ಸೇರಿಲ್ಲದವರು ಕೈಯಿಂದಲೇ ಕೊಡಬೇಕು.

ಆದ್ದರಿಂದ ದೋಣಿ ಇರುವ ಬಂದರು, ಹೋಗುವ ನೀರು, ನೀರಿನಲ್ಲಿರುವ ತಿಂಗಳುಗಳು, ನಡೆಸುವವರು ಯಾರು ಎಂಬುದನ್ನೆಲ್ಲ ಬರೆದು ಕಂಪನಿಗೆ ಇಮೇಲ್ ಕಳಿಸಿ. ಸವೆತದಿಂದ ಮುಳುಗಿದರೆ ಏನು, ಚಂಡಮಾರುತಕ್ಕೆ ಎಷ್ಟು, ತೆರವಿನ ಖರ್ಚು ಸೇರಿದೆಯೇ ಎಂಬ ಮೂರು ಪ್ರಶ್ನೆಗಳನ್ನೂ ಕೇಳಿ. ಫೋನಿನ ಭರವಸೆಗೆ ಒಪ್ಪಬೇಡಿ; ಉತ್ತರ ಬರಹದಲ್ಲಿ ಬರುವವರೆಗೆ ಹಣ ಕಟ್ಟಬೇಡಿ.