ಸಿರಿಭೂವಲಯದ ಚೌಕಕ್ಕೆ ಒಗ್ಗುವ ತಂತ್ರಾಂಶ

ಅಕ್ಷರಗಳನ್ನು ಚಕ್ರ, ಪದ್ಮಗಳ ಆಕಾರದಲ್ಲಿ ಹೊಂದಿಸಿ ಓದಿಸುವ ಚಿತ್ರಕಾವ್ಯದ ಪರಂಪರೆಯಲ್ಲಿ ‘ಸಿರಿಭೂವಲಯ’ದ ಸ್ಥಾನ ವಿಚಿತ್ರವಾದುದು, ಏಕೆಂದರೆ ಅದರಲ್ಲಿ ಅಕ್ಷರಗಳೇ ಇಲ್ಲ. ಚಿಕ್ಕಬಳ್ಳಾಪುರ ತಾಲ್ಲೂಕಿನ ನಂದಿಬೆಟ್ಟದ ಬಳಿಯ ಯಲವಳ್ಳಿಯವನೆಂದು ಹೇಳಲಾಗುವ ಕುಮುದೇಂದು ಮುನಿಯ ಈ ಕೃತಿ ಅಡ್ಡಕ್ಕೆ 27, ಉದ್ದಕ್ಕೆ 27, ಒಟ್ಟು 729 ಮನೆಗಳ ಚೌಕಗಳಲ್ಲಿ ಹರಡಿಕೊಂಡಿದ್ದು, ಪ್ರತಿ ಮನೆಯಲ್ಲೂ 1ರಿಂದ 64ರೊಳಗಿನ ಒಂದು ಸಂಖ್ಯೆಯಿದೆ. ಪ್ರತಿ ಸಂಖ್ಯೆಯೂ ಒಂದು ಧ್ವನಿಯ ಗುರುತು. ಮನೆಯಿಂದ ಮನೆಗೆ ಸಾಗಬೇಕಾದ ನಿಯತ ದಾರಿಗೆ ‘ಬಂಧ’ ಎಂದು ಹೆಸರು. 1953ರಲ್ಲಿ ಇದನ್ನು ಪ್ರಕಟಿಸಿದ ಕರ್ಲಮಂಗಲಂ ಶ್ರೀಕಂಠಯ್ಯನವರು ಒಂಬತ್ತನೆಯ ಶತಮಾನದ ಆಸುಪಾಸಿನದೆಂದರೆ, ಟಿ. ವಿ. ವೆಂಕಟಾಚಲ ಶಾಸ್ತ್ರಿಗಳು ಬಹಳ ಈಚಿನದೆಂದರು. ನೂರಾರು ಭಾಷೆಗಳು ಇದರಲ್ಲಿ ಅಡಗಿವೆಯೆಂಬ ಮಾತನ್ನಂತೂ ಎಚ್ಚರದಿಂದಲೇ ಕೇಳಬೇಕು.

ಇಂಥ ಚೌಕವನ್ನು ಕಂಪ್ಯೂಟರಿನಲ್ಲಿ ಮೂಡಿಸಲು ತೀರ ಸರಳವಾದ ಸಾಧನವೆಂದರೆ ಬರಿಯ ಪಠ್ಯ ಸಂಪಾದಕ. ಕೀಲಿಮಣೆಯ ಗುರುತುಗಳಿಂದಲೇ ಚಿತ್ರ ಕಟ್ಟುವ ‘ಆಸ್ಕಿ ಕಲೆ’ಗೆ ಎಲ್ಲ ಗುರುತುಗಳಿಗೂ ಒಂದೇ ಅಗಲ ಕೊಡುವ ಫಾಂಟು ಬೇಕು. ಸಂಖ್ಯೆಯೊಂದಕ್ಕೆ ಎರಡು ಸ್ಥಾನ, ನಡುವೆ ಒಂದು ತೆರಪು ಎಂದರೆ 27 ಸಂಖ್ಯೆಗಳ ಸಾಲು ಸರಿಯಾಗಿ 80 ಸ್ಥಾನಗಳನ್ನು ತುಂಬುತ್ತದೆ. ಹಳೆಯ ಕಂಪ್ಯೂಟರ್ ಪರದೆಗಳ ರೂಢಿಯ ಅಗಲವೂ ಅಷ್ಟೇ ಆಗಿರುವುದು ಸೊಗಸಾದ ಆಕಸ್ಮಿಕ. ಆದರೆ ಸಂಖ್ಯೆಗಳ ಜಾಗಕ್ಕೆ ಕನ್ನಡ ಅಕ್ಷರಗಳನ್ನು ತಂದೊಡನೆ ಕಂಬಸಾಲು ಕೆಡುತ್ತದೆ, ಏಕೆಂದರೆ ಕಣ್ಣಿಗೆ ಒಂದೇ ಅಕ್ಷರವಾದ ‘ಸ್ತ್ರೀ’ ಯೂನಿಕೋಡಿನಲ್ಲಿ ಆರು ಸಂಕೇತಗಳ ಗುಂಪು.

ಗ್ರಾಫ್‌ವಿಜ್, ಮರ್ಮೇಡ್‌ಗಳಂಥ ತಂತ್ರಾಂಶಗಳು ‘ಇದರಿಂದ ಅದಕ್ಕೆ ಬಾಣ’ ಎಂದು ಬರೆದುಕೊಟ್ಟರೆ ತಾವೇ ನಕ್ಷೆ ಬಿಡಿಸುತ್ತವೆ. ವಂಶವೃಕ್ಷಕ್ಕೆ ಅವು ಹೇಳಿಮಾಡಿಸಿದಂತಿದ್ದರೂ, ಯಾವುದು ಎಲ್ಲಿರಬೇಕೆಂಬುದನ್ನು ತಾವೇ ನಿರ್ಧರಿಸುವ ಅವುಗಳ ಗುಣ ಸ್ಥಾನವೇ ಅರ್ಥವಾಗಿರುವ ಈ ಕೃತಿಗೆ ಒಗ್ಗದು.

ನಿಜವಾಗಿ ಕೈಹಿಡಿಯುವುದು ಲಿಬ್ರೆಆಫೀಸ್ ಕ್ಯಾಲ್ಕ್ ಅಥವಾ ಎಕ್ಸೆಲ್‌ನಂಥ ಕೋಷ್ಟಕ ತಂತ್ರಾಂಶ. ಅಲ್ಲಿ ಪ್ರತಿ ಮನೆಗೂ ಸಾಲು-ಕಂಬಗಳ ವಿಳಾಸವಿರುವುದರಿಂದ ಬಂಧದ ದಾರಿಯನ್ನು ಸೂತ್ರವಾಗಿ ಬರೆಯಬಹುದು, ಪಕ್ಕದ ಪಟ್ಟಿಯಿಂದ ಸಂಖ್ಯೆಗೆ ತಕ್ಕ ಧ್ವನಿಯನ್ನು ಹುಡುಕಿ ತರಬಹುದು. ಆ 64 ಧ್ವನಿಗಳು 27 ಸ್ವರ, 33 ವ್ಯಂಜನ, 4 ಯೋಗವಾಹಗಳೆಂದು ಬಿಡಿಬಿಡಿಯಾಗಿರುವುದರಿಂದ, ‘ಕ್’ ಮತ್ತು ‘ಅ’ ಸೇರಿ ‘ಕ’ ಆಗುವಂತೆ ಅವನ್ನು ಕೂಡಿಸುವ ಕೆಲಸ ಮಾತ್ರ ಉಳಿಯುತ್ತದೆ. ಅದನ್ನು ಕ್ಯಾಲ್ಕ್ ತಾನಾಗಿ ಮಾಡದು.

ದಾರಿಯನ್ನು ಗೆರೆಯಾಗಿ ತೋರಿಸಿ ಮುದ್ರಿಸಬೇಕಾದಾಗ ಚಿತ್ರ ಬಿಡಿಸುವ ತಂತ್ರಾಂಶವಾದ ಇಂಕ್‌ಸ್ಕೇಪ್ ಮೇಲು. ಅದು ಉಳಿಸುವ ಎಸ್‌ವಿಜಿ ಕಡತ ಒಳಗೆ ಪಠ್ಯವೇ ಆಗಿರುವುದರಿಂದ, ಒಂದು ಸಂಖ್ಯೆ ತಪ್ಪಾಗಿದ್ದರೆ ಚಿತ್ರವನ್ನು ಮತ್ತೆ ಬರೆಯದೆ ಪಠ್ಯ ಸಂಪಾದಕದಲ್ಲೇ ತಿದ್ದಬಹುದು.