ಅಕ್ಕೋಳ ರಸ್ತೆಯಿಂದ ಆಂದೋಲನ ನಗರಕ್ಕೆ

ನಿಪ್ಪಾಣಿಯಲ್ಲಿ ಅಕ್ಕೋಳ ರಸ್ತೆ ಯಾವುದೆಂದು ತಿಳಿಯಲು ಫಲಕ ಹುಡುಕಬೇಕಿಲ್ಲ. ಅಕ್ಕೋಳಕ್ಕೆ ಹೋಗುವುದು ಅಕ್ಕೋಳ ರಸ್ತೆ, ಚಿಕ್ಕೋಡಿಗೆ ಹೋಗುವುದು ಚಿಕ್ಕೋಡಿ ರಸ್ತೆ, ಗಡಿಯಾಚೆಯ ಮುರಗೂಡಿಗೆ ಹೋಗುವುದು ಮುರಗೂಡ ರಸ್ತೆ. ದಾರಿಯ ಎರಡೂ ಬದಿಗೆ ಮನೆ, ಅಂಗಡಿ, ದವಾಖಾನೆಗಳು ಬೆಳೆದ ಮೇಲೆ, ಅಕ್ಕೋಳಕ್ಕೆ ಎಂದೂ ಕಾಲಿಡದವರ ವಿಳಾಸದಲ್ಲೂ ಆ ಹಳ್ಳಿಯ ಹೆಸರು ಬಂದು ಕೂತಿದೆ.

ಜತ್ರಾಟ ವೇಸ್ ಕೂಡ ಇದೇ ಜಾತಿಯದು. ಜತ್ರಾಟದ ಕಡೆಗಿದ್ದ ಊರಬಾಗಿಲು ಅದು. ವೇಸ್‌ಗೆ ಧಾರವಾಡದ ಕಡೆ ಅಗಸಿ ಎನ್ನುತ್ತಾರೆ. ಬೆಳಗಾವಿಯ ಕಾಕತಿ ವೇಸ್ ಕಿತ್ತೂರು ಚೆನ್ನಮ್ಮನ ತವರೂರಿನ ದಿಕ್ಕು ತೋರಿಸುತ್ತದೆ.

ಬೆಳಗಾವಿ ದೊಡ್ಡ ಊರು, ಅಲ್ಲಿ ದಿಕ್ಕಿನ ಜೊತೆಗೆ ವ್ಯಕ್ತಿಗಳೂ ರಸ್ತೆಗಿಳಿದರು. ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಸೈಕಲ್ ಅಂಗಡಿ ತೆರೆದ ಬೀದಿ ಇಂದು ಕಿರ್ಲೋಸ್ಕರ ರಸ್ತೆ. ಬ್ರಿಟಿಷರು 1858ರಲ್ಲಿ ಬೆಳಗಾವಿಯಲ್ಲಿ ಗಲ್ಲಿಗೇರಿಸಿದ ನರಗುಂದದ ಬಾಬಾಸಾಹೇಬರು ನರಗುಂದಕರ ಭಾವೆ ಚೌಕದಲ್ಲಿ ಉಳಿದಿದ್ದಾರೆ.

ಆದರೆ ಈ ಸೀಮೆಯ ಹೆಸರುಗಳಲ್ಲಿ ಎದೆಗೆ ತಾಗುವುದು ನಿಪ್ಪಾಣಿಯ ಆಂದೋಲನ ನಗರ. ಸುತ್ತಲಿನ ಹಳ್ಳಿಗಳ ತಂಬಾಕಿಗೆ ದರ ಕಟ್ಟುತ್ತಿದ್ದವರು ಪೇಟೆಯ ವ್ಯಾಪಾರಿಗಳು. ಬೆಳೆದವನ ಮಾತಿಗೆ ಅಲ್ಲಿ ಬೆಲೆಯಿರಲಿಲ್ಲ. 1981ರ ಮಾರ್ಚಿನಲ್ಲಿ ಶೇತಕರಿ ಸಂಘಟನೆಯ ಶರದ ಜೋಶಿಯವರ ಮುಂದಾಳುತನದಲ್ಲಿ ಸಾವಿರಾರು ರೈತರು ಪುಣೆ-ಬೆಂಗಳೂರು ಹೆದ್ದಾರಿಯಲ್ಲೇ ಬಿಡಾರ ಹೂಡಿದರು. ಮೂರು ವಾರ ಅವರು ಕದಲಲಿಲ್ಲ. ಏಪ್ರಿಲ್ 6ರಂದು ಪೊಲೀಸರು ಗುಂಡು ಹಾರಿಸಿದರು, ರೈತರು ಸತ್ತರು. ಬಿಡಾರಕ್ಕೆ ಅಂದು ಬಿದ್ದ ಹೆಸರು ಇಂದು ಸಂಸಾರಗಳು ಬಾಳುವ ಬಡಾವಣೆಯದು. ಯಾವ ದೇಸಾಯಿಯೂ, ಯಾವ ಅಧಿಕಾರಿಯೂ ಕೊಟ್ಟ ಹೆಸರಲ್ಲ ಅದು. ರೈತರು ನೆಲದ ಮೇಲೆ ಕೂತು ಗಳಿಸಿದ್ದು.

ಅದೇ ತಂಬಾಕಿನ ಇನ್ನೊಂದು ಕಥೆ ಗೋಡೆಯೊಳಗಿನದು. ವಖಾರಗಳ ಧೂಳಿನಲ್ಲಿ ಕೆಮ್ಮುತ್ತ ದುಡಿದ ನಿಪ್ಪಾಣಿಯ ಹೆಂಗಸರೂ ಆ ದಿನಗಳಲ್ಲೇ ಸಂಘ ಕಟ್ಟಿ ಕೂಲಿ ಕೇಳಿದರು. ಯುಗಾಂತರ ಎಂಬ ಸ್ತ್ರೀವಾದಿ ಚಿತ್ರತಂಡ 1982ರಲ್ಲಿ ಅವರ ಹೋರಾಟದ ಸಾಕ್ಷ್ಯಚಿತ್ರ ಮಾಡಿತು: ‘ತಂಬಾಕು ಚಾಕಿಲಾ ಊಬ ಆಲಿ’. ಊರು ಹಬ್ಬುತ್ತಲೇ ಇದೆ. ಮುಂದಿನ ಬಡಾವಣೆಗೆ ಹೆಸರು ಇಡುವಾಗ ನಗರಸಭೆ ಈ ವಖಾರದ ಅವ್ವಂದಿರನ್ನು ನೆನೆಯಬೇಕು.