ಗುಳಿಗೆ ಸೇರದ ಮಕ್ಕಳ ಲೆಕ್ಕ

ಒಂದು ಶಾಲೆಯಲ್ಲಿ ಸಂಜೆಯ ಹೊತ್ತು ಗಣಿತದ ವಿಶೇಷ ತರಗತಿ ನಡೆಯುತ್ತದೆಂದು ಭಾವಿಸೋಣ. ತಪ್ಪದೆ ಬಂದವರಿಗೆ ಪರೀಕ್ಷೆಯಲ್ಲಿ ಹೆಚ್ಚು ಅಂಕಗಳು ಬಂದುವು, ಬಾರದವರಿಗೆ ಕಡಿಮೆ. ಈ ಅಂತರವೆಲ್ಲವೂ ತರಗತಿಯ ಫಲವೇ? ಬಂದವರು ಮೊದಲೇ ಶ್ರದ್ಧಾವಂತರಾಗಿದ್ದಿರಬಹುದು. ಬಾರದವರಲ್ಲಿ, ಮನೆಯಲ್ಲಿ ತಮ್ಮ ತಂಗಿಯರನ್ನು ನೋಡಿಕೊಳ್ಳಬೇಕಾದವರೂ ದೂರದ ಬಡಾವಣೆಗೆ ರೈಲು ಹಿಡಿಯಬೇಕಾದವರೂ ಇದ್ದಿರಬಹುದು. ಹಾಗಾದರೆ ತರಗತಿಯಿಂದ ಆದುದೆಷ್ಟು, ಬಂದವರ ಅನುಕೂಲದಿಂದ ಆದುದೆಷ್ಟು ಎಂದು ಬೇರ್ಪಡಿಸುವ ಬಗೆ ಯಾವುದು? ಇದೇ ಪ್ರಶ್ನೆ ಮಕ್ಕಳ ಪ್ರಾಣದ ವಿಷಯದಲ್ಲಿ ಎದ್ದ ಒಂದು ನಿಜವಾದ ಪ್ರಸಂಗವನ್ನು ನಾವು ಇಲ್ಲಿ ಪರಿಶೀಲಿಸೋಣ.

ಇಂಡೋನೇಷ್ಯಾ ದೇಶದ ಸುಮಾತ್ರಾ ದ್ವೀಪದ ಉತ್ತರ ತುದಿಯಲ್ಲಿ ಆಚೇ ಎಂಬ ಹೆಸರಿನ ಪ್ರಾಂತವಿದೆ. ಆಹಾರದಲ್ಲಿ ‘ಎ’ ಜೀವಸತ್ವ ಸಾಲದಿದ್ದರೆ ಮಕ್ಕಳಿಗೆ ಇರುಳುಗುರುಡು ಬರುವುದೆಂಬುದು ಬಹುಕಾಲದಿಂದ ತಿಳಿದ ಸಂಗತಿ. ಈ ಕೊರತೆಯುಳ್ಳ ಮಕ್ಕಳಲ್ಲಿ ಸಾವೂ ಹೆಚ್ಚೆಂಬುದನ್ನು ಆಲ್ಫ್ರೆಡ್ ಸಾಮರ್ ಎಂಬ ಅಮೆರಿಕದ ನೇತ್ರವೈದ್ಯರು ಇಂಡೋನೇಷ್ಯಾದಲ್ಲಿಯೇ ಗಮನಿಸಿದ್ದರು. ಆದರೆ ಜೀವಸತ್ವವನ್ನು ಕೊಟ್ಟರೆ ಸಾವು ಕಡಿಮೆಯಾದೀತೇ? ಇದನ್ನು ತಿಳಿಯಲು ಅವರೂ ಅವರ ಸಂಗಡಿಗರೂ ಅಲ್ಲಿನ ೪೫೦ ಹಳ್ಳಿಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿದರು. ಒಂದು ಪಾಲಿನ ಹಳ್ಳಿಗಳಲ್ಲಿ ಸ್ಥಳೀಯ ಸ್ವಯಂಸೇವಕರು ಆರು ತಿಂಗಳ ಅಂತರದಲ್ಲಿ ಎರಡು ಬಾರಿ ಮಕ್ಕಳಿಗೆ ಗುಳಿಗೆ ಹಂಚಿದರು. ಇನ್ನೊಂದು ಪಾಲಿನ ಹಳ್ಳಿಗಳಲ್ಲಿ ಆ ಒಂದು ವರ್ಷ ಹಂಚಲಿಲ್ಲ. ಫಲಿತಾಂಶವು ೧೯೮೬ರಲ್ಲಿ ಪ್ರಕಟವಾಯಿತು.

ಚೀಟಿ ಎತ್ತುವುದರ ಮಹತ್ತ್ವವನ್ನು ಮೊದಲು ಮನಗಾಣಬೇಕು. ಹಳ್ಳಿಗಳನ್ನು ಯಾರೂ ತಮ್ಮ ಇಚ್ಛೆಯಂತೆ ಆರಿಸಲಿಲ್ಲವಾದುದರಿಂದ ಬಡವರು, ಬಲ್ಲಿದರು, ರೋಗಿಗಳು, ಗಟ್ಟಿಮುಟ್ಟಾದವರು ಎರಡೂ ಪಾಲುಗಳಲ್ಲಿ ಹೆಚ್ಚುಕಡಿಮೆ ಸಮವಾಗಿ ಹಂಚಿಹೋಗುತ್ತಾರೆ. ಆಮೇಲೆ ಕಾಣುವ ವ್ಯತ್ಯಾಸವು ಹಂಚಿಕೆಯದೇ ಎಂದು ಹೇಳಲು ಆಧಾರ ಸಿಗುತ್ತದೆ.

ಆದರೆ ತೊಡಕೊಂದು ಉಳಿದಿತ್ತು. ಗುಳಿಗೆ ಹಂಚಿದ ಹಳ್ಳಿಗಳ ೧೨,೦೯೪ ಮಕ್ಕಳಲ್ಲಿ ೨,೪೧೯ ಮಕ್ಕಳಿಗೆ, ಅಂದರೆ ಐವರಲ್ಲಿ ಒಬ್ಬರಿಗೆ, ಗುಳಿಗೆ ಸೇರಲೇ ಇಲ್ಲ. ಸೇರಿದ ೯,೬೭೫ ಮಕ್ಕಳಲ್ಲಿ ೧೨ ಮಂದಿ ತೀರಿಕೊಂಡರು. ಸೇರದವರಲ್ಲಿ ೩೪ ಮಂದಿ. ಹಂಚದ ಹಳ್ಳಿಗಳ ೧೧,೫೮೮ ಮಕ್ಕಳಲ್ಲಿ ೭೪ ಮಂದಿ ತೀರಿಕೊಂಡರು.

ಅವಸರದ ಓದುಗನು ಏನು ಮಾಡುತ್ತಾನೆ? ಗುಳಿಗೆ ಸೇರಿದವರನ್ನೂ ಸೇರದವರನ್ನೂ ಹೋಲಿಸುತ್ತಾನೆ. ಸೇರಿದವರಲ್ಲಿ ಸಾವು ಸಾವಿರಕ್ಕೆ ಸುಮಾರು ೧.೨, ಅದೇ ಹಳ್ಳಿಗಳ ಸೇರದವರಲ್ಲಿ ಸಾವಿರಕ್ಕೆ ೧೪. ‘ಗುಳಿಗೆಯು ಸಾವನ್ನು ಹನ್ನೊಂದರಲ್ಲಿ ಒಂದು ಪಾಲಿಗೆ ಇಳಿಸಿತು!’ ಎಂದು ಅವನು ಉದ್ಗರಿಸಬಹುದು. ಆದರೆ ಹಂಚದ ಹಳ್ಳಿಗಳ ಕಡೆ ಒಮ್ಮೆ ನೋಡಿರಿ. ಅಲ್ಲಿ ಯಾರಿಗೂ ಗುಳಿಗೆಯಿಲ್ಲ. ಆದರೂ ಸಾವು ಸಾವಿರಕ್ಕೆ ೬.೪ ಮಾತ್ರ. ಗುಳಿಗೆಯಿಲ್ಲದ ಎರಡು ಗುಂಪುಗಳಲ್ಲಿ ಇಷ್ಟು ಅಂತರವೇಕೆ? ಗುಳಿಗೆ ಸೇರದೆ ಉಳಿದ ಮಕ್ಕಳು ಮೊದಲಿನಿಂದಲೇ ಹೆಚ್ಚಿನ ಅಪಾಯದಲ್ಲಿ ಇದ್ದವರು ಎಂಬುದೇ ಇದಕ್ಕೆ ಉತ್ತರ. ಅವರ ದುರ್ದೆಸೆಯನ್ನೆಲ್ಲ ಗುಳಿಗೆಯ ಗುಣವೆಂದು ಎಣಿಸುವುದು ತಪ್ಪು. ಅವರನ್ನು ಲೆಕ್ಕದಿಂದ ಬಿಟ್ಟುಬಿಡುವುದೂ ತಪ್ಪೇ. ಬಿಟ್ಟರೆ ಒಂದು ಕಡೆ ದುರ್ಬಲರು ಉಳಿದು, ಇನ್ನೊಂದು ಕಡೆ ಇಲ್ಲವಾಗಿ, ಚೀಟಿಯಿಂದ ದೊರೆತ ಸಮತೋಲವೇ ಕೆಡುತ್ತದೆ.

ಸಾಮರ್ ಮತ್ತು ಸ್ಕಾಟ್ ಝೀಗರ್ ಅವರು ೧೯೯೧ರಲ್ಲಿ ತೋರಿಸಿದ ಸರಿಯಾದ ದಾರಿ ಕೂಡುವ ಕಳೆಯುವ ಲೆಕ್ಕದಷ್ಟೇ ಸುಲಭ. ತಿಳಿಯಲು ಅನುಕೂಲವಾಗುವಂತೆ ಎರಡೂ ಕಡೆ ೧೦,೦೦೦ ಮಕ್ಕಳಿದ್ದರೆಂದು ಇಟ್ಟುಕೊಳ್ಳೋಣ. ಮೇಲಿನ ಪ್ರಮಾಣದಂತೆ ಹಂಚಿದ ಕಡೆ ೮,೦೦೦ ಮಕ್ಕಳಿಗೆ ಗುಳಿಗೆ ಸೇರಿ, ಅವರಲ್ಲಿ ೧೦ ಸಾವು, ಸೇರದ ೨,೦೦೦ ಮಕ್ಕಳಲ್ಲಿ ೨೮ ಸಾವು, ಒಟ್ಟು ೩೮. ಹಂಚದ ಕಡೆ ಒಟ್ಟು ೬೪. ಹಂಚಿದ್ದರೂ ಗುಳಿಗೆ ಸೇರದೆ ಉಳಿಯುತ್ತಿದ್ದ ೨,೦೦೦ ಮಕ್ಕಳು ಹಂಚದ ಕಡೆಯಲ್ಲಿಯೂ ಇರಲೇಬೇಕು. ಅವರು ಯಾರೆಂದು ನಮಗೆ ಕಾಣದು. ಆದರೆ ಅವರಲ್ಲಿಯೂ ೨೮ ಸಾವು ಸಂಭವಿಸಿದ್ದಿರಬೇಕು. ೬೪ರಲ್ಲಿ ೨೮ ಕಳೆದರೆ ೩೬. ಇದು, ಹಂಚಿದ್ದರೆ ಗುಳಿಗೆ ಪಡೆಯುತ್ತಿದ್ದ ೮,೦೦೦ ಮಕ್ಕಳಲ್ಲಿ ಆದ ಸಾವು. ಗುಳಿಗೆ ದೊರೆತಾಗ ಅಂಥವರಲ್ಲಿ ಸಾವು ೧೦ ಮಾತ್ರ. ಎಂದರೆ ಗುಳಿಗೆಯು ೮,೦೦೦ ಮಕ್ಕಳಲ್ಲಿ ೨೬ ಪ್ರಾಣಗಳನ್ನು ಉಳಿಸಿತು. ಸಾವು ಶೇಕಡಾ ೭೨ರಷ್ಟು ಇಳಿಯಿತು. ಹನ್ನೊಂದು ಪಟ್ಟಿನ ಮಾತು ಉತ್ಪ್ರೇಕ್ಷೆ. ಆದರೆ ಔಷಧದ ಗುಣ ನಿಜ.

ಈ ಲೆಕ್ಕಕ್ಕೆ ಒಂದು ನಂಬಿಕೆಯ ಆಸರೆ ಬೇಕು. ತನಗೆ ಗುಳಿಗೆ ಸೇರದ ಮಗುವಿಗೆ, ತನ್ನ ಹಳ್ಳಿಯಲ್ಲಿ ಹಂಚಿಕೆ ನಡೆದ ಮಾತ್ರದಿಂದ ಲಾಭವೂ ಆಗಿಲ್ಲ, ನಷ್ಟವೂ ಆಗಿಲ್ಲ ಎಂಬುದೇ ಅದು. ನೆರೆಮನೆಯ ಮಗು ಗುಳಿಗೆಯಿಂದ ಆರೋಗ್ಯವಾಗಿದ್ದು, ಸೋಂಕು ಹರಡುವುದು ತಗ್ಗಿ ಈ ಮಗುವೂ ಬದುಕಿದ್ದರೆ ಲೆಕ್ಕ ಅಷ್ಟರಮಟ್ಟಿಗೆ ಸಡಿಲವಾಗುತ್ತದೆ. ಇಂಥ ನಂಬಿಕೆಗಳನ್ನು ಬಚ್ಚಿಡದೆ ಸ್ಪಷ್ಟವಾಗಿ ಹೇಳುವುದು ಶಾಸ್ತ್ರದ ಮರ್ಯಾದೆ. ಅವುಗಳನ್ನು ವಿಶದಪಡಿಸಿದವರಲ್ಲಿ ಜೋಶುವಾ ಆಂಗ್ರಿಸ್ಟ್ ಮತ್ತು ಗೈಡೋ ಇಂಬೆನ್ಸ್ ಅವರಿಗೆ ೨೦೨೧ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು.

ಇನ್ನೊಂದು ಮಾತು. ೬೪ರಿಂದ ೩೮ಕ್ಕೆ, ಅಂದರೆ ಶೇಕಡಾ ೪೦ರಷ್ಟು ಇಳಿಕೆ ಎಂಬುದೂ ಸತ್ಯವೇ, ಶೇಕಡಾ ೭೨ ಎಂಬುದೂ ಸತ್ಯವೇ. ‘ಹಳ್ಳಿಗಳಲ್ಲಿ ಗುಳಿಗೆ ಹಂಚಿದರೆ ಏನಾದೀತು?’ ಎಂದು ಸರಕಾರ ಕೇಳಿದರೆ ಮೊದಲನೆಯದು ಉತ್ತರ. ‘ಕೊಟ್ಟಾಗ ಪಡೆದ ಮಕ್ಕಳಿಗೆ ಗುಳಿಗೆಯಿಂದ ಏನಾಯಿತು?’ ಎಂದು ವೈದ್ಯರು ಕೇಳಿದರೆ ಎರಡನೆಯದು. ಸೇರದೆ ಉಳಿದವರಿಗೂ ಅಷ್ಟೇ ಗುಣವಾಗುತ್ತಿತ್ತೇ ಎಂಬುದಕ್ಕೆ ಇವೆರಡೂ ಉತ್ತರವಲ್ಲ. ಅದನ್ನು ತಿಳಿಯಬೇಕಾದರೆ ಅವರ ಮನೆಯ ಬಾಗಿಲಿಗೇ ಗುಳಿಗೆ ತಲುಪಬೇಕು.

ವಿದ್ಯಾರ್ಥಿಗಳೇ, ಯಾವುದೇ ಔಷಧದ ಅಥವಾ ಯೋಜನೆಯ ಹೊಗಳಿಕೆಯನ್ನು ಪತ್ರಿಕೆಯಲ್ಲಿ ಓದಿದಾಗ, ಅದು ಯಾರಿಗೆ ಸೇರಲಿಲ್ಲವೋ ಅವರನ್ನೂ ಲೆಕ್ಕ ಹಿಡಿದಿದ್ದಾರೆಯೇ ಎಂದು ನಾವು ಕೇಳಬೇಕು. ಸಂಜೆಯ ತರಗತಿಗೆ ಬಾರದ ಗೆಳೆಯನನ್ನು ಸೋಮಾರಿಯೆಂದು ಎಣಿಸುವ ಮೊದಲು ಅವನೇಕೆ ಬರಲಿಲ್ಲವೆಂದು ವಿಚಾರಿಸುವುದೂ ಇದೇ ಪಾಠ. ಆಚೇ ಪ್ರಾಂತದಲ್ಲಿ ಔಷಧದ ನಿಜವಾದ ಅಳತೆ ಸಿಕ್ಕಿದ್ದು, ಅದು ಸೇರದೆಯೇ ತೀರಿಕೊಂಡ ಆ ೩೪ ಮಕ್ಕಳನ್ನು ಲೆಕ್ಕದಲ್ಲಿ ಉಳಿಸಿಕೊಂಡಿದ್ದರಿಂದಲೇ.